ಎಂ.ಎಸ್ಸಿ ಮಾಡಿ ಟಪಾಲಿಗೆ ಸೀಲ್ ಹೊಡೀತಿದೀನಿ. ಕೆಲ್ಸ ಸಿಕ್ಕಿದ್ರೂ ನೆಮ್ಮದಿ ಇಲ್ಲ, ಇದು ನಂಗೊಬ್ಳಿಗೇನಾ?

ಟಪಾಲು_ಸೆಕ್ಷನ್
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ಬರೀತಿದೀನಿ, ಉದ್ದ ಆದ್ರೆ ಬೈಕೋಬೇಡಿ. ನಂದು ಎಂ.ಎಸ್ಸಿ ಫಿಸಿಕ್ಸ್, ಡಿಗ್ರಿ ಕಾಲೇಜಲ್ಲಿ ಪಾಠ ಮಾಡೋಕೆ ಬರೆಯೋ ಅರ್ಹತಾ ಪರೀಕ್ಷೆ ಕೆ-ಸೆಟ್ಟೂ ಆಗಿದೆ. ಈಗ ಒಂದು ತಾಲ್ಲೂಕು ಕಚೇರಿಲಿ ಎಸ್‌ಡಿಎ, ಅಂದ್ರೆ ದ್ವಿತೀಯ ದರ್ಜೆ ಸಹಾಯಕಿ. ಈ ಪೋಸ್ಟಿಗೆ ಪಿಯುಸಿ ಸಾಕು ಅಂತ ನಿಮ್ಗೆಲ್ಲ ಗೊತ್ತೇ ಇದೆ. ನಂಗೆ ಕೊಟ್ಟಿರೋದು ಟಪಾಲು. ಬಂದ ಅರ್ಜಿಗೆ ಸೀಲ್ ಹೊಡಿ, ಇನ್‌ವರ್ಡ್ ನಂಬರ್ ಹಾಕು, ಸ್ಕ್ಯಾನ್ ಮಾಡಿ ಇ-ಆಫೀಸಿಗೆ ಏರ್ಸು, ಸಂಬಂಧಪಟ್ಟ ಕೇಸ್ ವರ್ಕರ್‌ಗೆ ಕಳ್ಸು, ಮತ್ತೆ ಸೀಲ್ ಹೊಡಿ. ಸೀಲಲ್ಲಿ ತಾರೀಖಿನ ಚಕ್ರ ಬೇರೆ ಗಟ್ಟಿ ಹಿಡ್ಕೊಂಡಿದೆ, ದಿನಾ ಬೆಳಗ್ಗೆ ಗುಂಡುಸೂಜಿ ತಗೊಂಡು ತಳ್ಳಿ ತಿರುಗಿಸ್ಬೇಕು. ಇಡೀ ದಿನದಲ್ಲಿ ತಲೆ ಓಡ್ಸೋ ಕೆಲ್ಸ ಅಂದ್ರೆ ಅದೊಂದೇ.

ಕೆಲ್ಸ ಕಷ್ಟ ಅಂತ ನನ್ ಕಂಪ್ಲೇಂಟ್ ಅಲ್ಲ. ಏನೂ ಮಾಡ್ದೇ ಇದ್ರೂ ಮನೆಗ್ ಬರೋಷ್ಟ್ರಲ್ಲಿ ಸುಸ್ತು. ಮೊದ್ಲು ರಾತ್ರಿ ಹನ್ನೆರಡರ ತನಕ ಓದ್ತಿದ್ದೋಳು ಈಗ ಎರಡು ಪುಟ ಓದಕ್ಕಾಗಲ್ಲ, ಹಂಗಂತ ನಿದ್ದೇನೂ ಬರಲ್ಲ. ಅಮ್ಮ ಊಟಕ್ ಕರೆದ್ರೂ ರೇಗ್ತೀನಿ. ಯಾರಿಗಾದ್ರೂ ಹೇಳೋಣ ಅಂದ್ರೆ, ಸರ್ಕಾರಿ ಕೆಲ್ಸದಲ್ಲಿರೋಳು ಅಳ್ತಾಳೆ ಅಂದ್ರೆ ಯಾರ್ ನಂಬ್ತಾರೆ? ಓದಿಗಿಂತ ಕಮ್ಮಿ ಕೆಲ್ಸದಲ್ಲಿರೋರು ಬೇರೆ ಯಾರಾದ್ರೂ ಇದ್ರೆ ಹೇಳಿ, ನಿಮ್ಗೂ ಹಿಂಗೇ ಆಗುತ್ತಾ?

ಮೂರನೇ_ಬೆಂಚು
ಓದಿ ಹೊಟ್ಟೆ ಉರೀತು ಕಣ್ರೀ. ಏಳನೇ ವೇತನ ಆಯೋಗ ಆದ್ಮೇಲೆ ಎಸ್‌ಡಿಎ ಬೇಸಿಕ್ಕೇ 34,100. ಭಾನುವಾರ ರಜ, ಎರಡನೇ ಶನಿವಾರ ರಜ. ನಾನು ಬಿಇ ಮಾಡಿ ಡೆಲಿವರಿ ಆ್ಯಪಲ್ಲಿ ಓಡಾಡ್ತಿದೀನಿ, ಯುವನಿಧಿ 3000 ಬರ್ತಿತ್ತು, ಎರಡು ವರ್ಷ ಆಯ್ತು ಅಂತ ಅದೂ ನಿಲ್ತು. ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರಲ್ಲ, ಹಂಗಾಯ್ತು ನಿಮ್ದು.

ಕಡಲತಡಿ
@ಮೂರನೇ_ಬೆಂಚು ಎಂತ ಮಾರಾಯ್ರೆ, ಅವ್ರು ನಿದ್ದೆ ಬರುದಿಲ್ಲ ಅಂತ ಹೇಳಿದ್ರೆ ನೀವು ಬೇಸಿಕ್ ಪೇ ಲೆಕ್ಕ ಹಾಕ್ತಾ ಕೂತಿದ್ದೀರಿ.

ಮೂರನೇ_ಬೆಂಚು
ಬೇಸಿಕ್ ಪೇ ಇದ್ರೆ ನಂಗೆ ನಿದ್ದೆ ಬರುತ್ತೆ ಸ್ವಾಮಿ, ಅದಕ್ಕೇ ಲೆಕ್ಕ ಹಾಕ್ದೆ.

ಸಪ್ತಾಪುರ_ರೀಡಿಂಗ್_ರೂಮ್
ಅಕ್ಕಾರ, ನಿಮ್ಮ ಪೋಸ್ಟ್ ಓದಿ ನಮ್ಮ ರೂಮಿನ್ಯಾಗ ಅರ್ಧಾ ತಾಸು ಜಗಳಾನ ಆತು ನೋಡ್ರಿ. ನಾವು ಧಾರವಾಡದಾಗ ಸಪ್ತಾಪುರದಾಗ ಸರ್ಕಾರಿ ನೌಕರಿ ಪರೀಕ್ಷಾಕ್ಕ ಓದ್ಕೋತ ಇರಾವ್ರು. ರೂಮಿನ್ಯಾಗ ಒಬ್ಬಾವ ಬಿಇ ಮೆಕ್ಯಾನಿಕಲ್, ಇನ್ನೊಬ್ಬಾವ ಎಂ.ಎ. ಬಿ.ಎಡ್, ನಂದು ಬಿ.ಎಸ್ಸಿ ಅಗ್ರಿ. 2024ರಾಗ ಗ್ರಾಮ ಆಡಳಿತಾಧಿಕಾರಿ 1000 ಪೋಸ್ಟ್ ಕರದಿದ್ರಲ್ಲ, ಅದೂ ಪಿಯುಸಿ ಮ್ಯಾಲ, ಮೂರೂ ಮಂದಿ ಹಾಕಿದ್ವಿ. ಕಾನ್‌ಸ್ಟೇಬಲ್ ಕರದ್ರೂ ಹಾಕ್ತೀವಿ. ಓವರ್‌ಕ್ವಾಲಿಫೈಡ್ ಆಗೂದರ ಬಗ್ಗೆ ಇಲ್ಲಿ ಯಾರಿಗೂ ಹೆದ್ರಿಕಿ ಇಲ್ರಿ, ಓವರ್‌ಏಜ್ ಆಗೂದರ ಬಗ್ಗೆ ಅದ. ನೋಟಿಫಿಕೇಶನ್ ತಡಾ ಆದಷ್ಟು ನಮ್ಮ ವಯಸ್ಸು ಕರಗತದ. ಹಿಂಗಾಗಿ ನೀವು ಅಳಾಕತ್ತೀರಿ ಅಂದ್ರ ನಮ್ಮ ಬಿಇ ಹುಡ್ಗಗ ಸಿಟ್ಟು ಬಂತು, ಎಂ.ಎ. ಹುಡ್ಗ ಮಾತ್ರ "ಇಲ್ಲೋ, ಮುಂದ ನಮ್ದೂ ಇದ ಕತಿ" ಅಂದ.

ಗೆಸ್ಟ್_ಫ್ಯಾಕಲ್ಟಿ
ನಂದು ಉಲ್ಟಾ ಕೇಸು, ಅದಕ್ಕೇ ಬರೀತಿದೀನಿ. ಪಿಎಚ್‌ಡಿ ಇದೆ, ನೆಟ್ ಇದೆ, ಸರ್ಕಾರಿ ಪದವಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕ. ಓದಿಗೆ ತಕ್ಕ ಕೆಲ್ಸಾನೇ, ದಿನಾ ಪಾಠ ಮಾಡ್ತೀನಿ, ಹುಡುಗ್ರು ಸರ್ ಅಂತಾರೆ. ಆದ್ರೆ 2022ರ ಜನವರಿವರೆಗೂ ನಮ್ ಗೌರವಧನ ತಿಂಗಳಿಗೆ ಹದಿಮೂರು ಸಾವಿರ ದಾಟ್ತಿರ್ಲಿಲ್ಲ, ಅದೂ ತಿಂಗಳು ತಿಂಗಳು ಬರ್ತಿರ್ಲಿಲ್ಲ. ಆಮೇಲೆ ಏರ್ಸಿದ್ರು, 2023ರ ಕೊನೇಲಿ ಮತ್ತೆ ತಿಂಗಳುಗಟ್ಲೆ ಮುಷ್ಕರ ಕೂತ್ವಿ. ಸೆಮಿಸ್ಟರ್ ಮುಗೀತು ಅಂದ್ರೆ ಮುಂದಿನ ನೇಮಕದ ಕೌನ್ಸೆಲಿಂಗ್ ತನಕ ನಾನು ಉಪನ್ಯಾಸಕ ಹೌದೋ ಅಲ್ವೋ ನಂಗೇ ಗೊತ್ತಿರಲ್ಲ. ಬ್ಯಾಂಕಲ್ಲಿ ಲೋನ್ ಕೇಳಿದ್ರೆ "ಪರ್ಮನೆಂಟಾ?" ಅಂತಾರೆ. ನಂಗೂ ನಿದ್ದೆ ಇಲ್ಲ. ನಂಗೆ ಅಭದ್ರತೆ, ನಿಮ್ಗೆ ಬೋರು, ಎರಡರಲ್ಲೂ ನಿದ್ದೆ ಹಾಳಾಗೋದು ಒಂದೇ ಥರ ಅನ್ಸುತ್ತೆ. ಇಬ್ರೂ ಅದಲು ಬದಲು ಆಗೋಣ ಅಂದ್ರೆ ನಾನಂತೂ ರೆಡಿ.

ಟಪಾಲು_ಸೆಕ್ಷನ್
@ಗೆಸ್ಟ್_ಫ್ಯಾಕಲ್ಟಿ ಸರ್, ನಾನು ಕೆ-ಸೆಟ್ ಆಗಿದ್ರೂ ಗೆಸ್ಟ್‌ಗೆ ಹೋಗ್ದೇ ಎಸ್‌ಡಿಎ ತಗೊಂಡಿದ್ದು ನಿಮ್ಮಂಥೋರ ಪಾಡು ನೋಡೇ. ನಮ್ಮಪ್ಪ "ಮೊದ್ಲು ಪರ್ಮನೆಂಟ್ ಆಗು, ಆಮೇಲೆ ಫಿಸಿಕ್ಸ್ ಹೇಳ್ಕೊಡು" ಅಂದ್ರು.

ಪೀಣ್ಯ_ಎಚ್‌ಆರ್
ಕಂಪ್ನಿ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಸಿಎನ್‌ಸಿ (ಕಂಪ್ಯೂಟರಿಂದ ನಡೆಯೋ ಮಷಿನ್) ಆಪರೇಟರ್‌ಗೆ ಐಟಿಐ, ಇಲ್ಲ ಡಿಪ್ಲೊಮಾ ಕೇಳ್ತೀವಿ. ಬಿಇ ಆಗಿರೋ ಹುಡುಗ್ರು ಅದನ್ನ ಮುಚ್ಚಿಟ್ಟು ಡಿಪ್ಲೊಮಾ ಸರ್ಟಿಫಿಕೇಟ್ ಮಾತ್ರ ತಂದು ಸೇರ್ಕೊಳ್ತಾರೆ. ಪಿಎಫ್ ಫಾರ್ಮೋ ಇನ್ನೊಂದೋ ತುಂಬ್ವಾಗ ಗೊತ್ತಾಗುತ್ತೆ. ನಾವ್ ಯಾಕೆ ಬಿಇ ಬೇಡ ಅಂತೀವಿ ಗೊತ್ತಾ, ಟ್ರೈನಿಂಗ್ ಕೊಟ್ಟು ಕೈ ಕುದುರೋ ಹೊತ್ತಿಗೆ ಬಿಟ್ಟು ಹೋಗ್ತಾರೆ. ಇರೋ ತನಕ ಕೆಲ್ಸ ಚೆನ್ನಾಗೇ ಮಾಡ್ತಾರೆ, ಅದನ್ನ ಒಪ್ಕೋಬೇಕು. ಆದ್ರೆ ಸೂಪರ್‌ವೈಸರ್ ಡಿಪ್ಲೊಮಾ ಆಗಿದ್ರೆ ಇಬ್ರಿಗೂ ಆಗಿಬರಲ್ಲ. ಅವ್ನಿಗೆ ಇವ್ನ ಕಂಡ್ರೆ ಭಯ, ಇವ್ನಿಗೆ ಅವ್ನ ಕಂಡ್ರೆ ತಾತ್ಸಾರ.

ಮೂರನೇ_ಬೆಂಚು
ಹಂಗಾದ್ರೆ ಓದಿದ್ದೇ ತಪ್ಪಾ? ಇದು ಡಿಸ್ಕ್ರಿಮಿನೇಶನ್ ಅಲ್ವಾ?

ಪೀಣ್ಯ_ಎಚ್‌ಆರ್
ಕೋರ್ಟ್ ಹಂಗ್ ಹೇಳಿಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ಯೂನ್ ಹುದ್ದೆಗೆ ಜಾಹೀರಾತು ಕೊಟ್ಟಾಗ 12ನೇ ಕ್ಲಾಸ್ ಆಗಿರ್ಬೇಕು, ಡಿಗ್ರಿ ಆಗಿರ್ಬಾರ್ದು ಅಂತ ಸ್ಪಷ್ಟವಾಗಿ ಹಾಕಿತ್ತು. ಒಡಿಶಾದ ಒಬ್ರು ಡಿಗ್ರಿ ಮುಚ್ಚಿಟ್ಟು ಅರ್ಜಿ ಹಾಕಿದ್ರು, ಬ್ಯಾಂಕ್ ಕೆಲ್ಸ ಕೊಡ್ಲಿಲ್ಲ, ಹೈಕೋರ್ಟಲ್ಲಿ ಅವ್ರು ಗೆದ್ರು, 2020ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ಪರವೇ ತೀರ್ಪು ಕೊಡ್ತು. ಯಾವ ಕೆಲ್ಸಕ್ಕೆ ಎಷ್ಟು ಓದಿರ್ಬೇಕು ಅಂತ ತೀರ್ಮಾನ ಮಾಡೋದು ಕೆಲ್ಸ ಕೊಡೋರಿಗೆ ಬಿಟ್ಟಿದ್ದು, ಮುಚ್ಚಿಟ್ಟಿದ್ದು ಬೇರೆ ತಪ್ಪು ಅಂತ.

ಕಡಲತಡಿ
ಅಮೆರಿಕದಲ್ಲಿ ಇದಕ್ಕಿಂತ ತಮಾಷೆ ಉಂಟು. ಕನೆಕ್ಟಿಕಟ್‌ನ ನ್ಯೂ ಲಂಡನ್ ಅಂತ ಒಂದು ಊರು, ಅಲ್ಲಿ ಪೊಲೀಸ್ ಕೆಲಸಕ್ಕೆ ಹೋದವನ ಬುದ್ಧಿಮತ್ತೆ ಪರೀಕ್ಷೆಯ ಮಾರ್ಕು ಜಾಸ್ತಿ ಆಯ್ತು ಅಂತ ಇಂಟರ್‌ವ್ಯೂಗೇ ಕರೀಲಿಲ್ಲ. ಇವನಿಗೆ ಬೋರಾಗಿ ಬಿಟ್ಟು ಹೋಗ್ತಾನೆ ಅಂತ. 2000ದಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟೂ ಸರಿ ಅಂತ ಹೇಳಿತು.

ಮೂರನೇ_ಬೆಂಚು
ಇನ್ಮೇಲೆ ಎಲ್ಲಾ ಎಕ್ಸಾಮಲ್ಲೂ ನಾಲ್ಕು ತಪ್ಪು ಮಾಡಿ ಬರ್ತೀನಿ. ಇಷ್ಟು ವರ್ಷ ಮಾಡ್ಕೊಂಡೇ ಬಂದಿದೀನಿ ಅನ್ನೋದು ಬೇರೆ ವಿಷ್ಯ.

ಮನಶ್ಶಾಸ್ತ್ರ_ಮೇಷ್ಟ್ರು
ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡ್ತೀನಿ, ಡಾಕ್ಟರ್ ಅಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ.

ಈ ವಿಷ್ಯದಲ್ಲಿ ಎರಡು ಬೇರೆ ಬೇರೆ ಅಳತೆ ಇದೆ. ಕಾಗದದ ಮೇಲೆ ಓದು ಜಾಸ್ತಿ ಇರೋದು ಒಂದು, "ನನ್ನಿಂದ ಇಲ್ಲಿ ಏನೂ ತಗೊಳ್ತಿಲ್ಲ" ಅಂತ ಮನಸಿಗೆ ಅನ್ಸೋದು ಇನ್ನೊಂದು. ಎರಡೂ ಯಾವಾಗ್ಲೂ ಜೊತೇಲಿರಲ್ಲ. ಮನಸಿನ ನೆಮ್ಮದಿ ಕೆಡ್ಸೋದು ಹೆಚ್ಚಾಗಿ ಎರಡನೇದು. 2009ರಲ್ಲಿ ಟರ್ಕಿಯ ಅಂಗಡಿಗಳ ಸೇಲ್ಸ್ ನೌಕರರ ಮೇಲೆ ಬಂದ ಒಂದು ಅಧ್ಯಯನ ಇದೆ. ನಾನು ಈ ಕೆಲ್ಸಕ್ಕೆ ಜಾಸ್ತಿನೇ ಆದೆ ಅಂತ ಅಂದ್ಕೊಂಡೋರ ಮಾರಾಟ ಬೇರೆಯವ್ರಿಗಿಂತ ಚೆನ್ನಾಗೇ ಇತ್ತು. ಅತೃಪ್ತಿ ಇದ್ದಿದ್ದು ನಿಜ, ಆದ್ರೆ ಕೆಲ್ಸದಲ್ಲಿ ತಾನೇ ತೀರ್ಮಾನ ತಗೊಳ್ಳೋಕೆ ಸ್ವಲ್ಪ ಜಾಗ ಸಿಕ್ಕೋರಲ್ಲಿ ಆ ಅತೃಪ್ತಿ ತುಂಬಾ ಇಳಿದಿತ್ತು. ಕೆಲ್ಸದ ಹೆಸ್ರಿಗಿಂತ, ಅಲ್ಲಿ ನಮ್ ಮಾತು ನಡಿಯುತ್ತಾ ಅನ್ನೋದು ದೊಡ್ಡ ವಿಷ್ಯ.

ಇನ್ನೊಂದು ಹಳೇದು. 1930ರ ಆಸುಪಾಸಲ್ಲಿ ಆಸ್ಟ್ರಿಯಾದ ಮಾರಿಯೆಂಥಾಲ್ ಅನ್ನೋ ಊರಲ್ಲಿ ಇದ್ದ ಗಿರಣಿ ಮುಚ್ಚಿ ಊರಿಗೆ ಊರೇ ನಿರುದ್ಯೋಗಿ ಆದಾಗ ಮರೀ ಯಹೋಡಾ ಮತ್ತೆ ಅವ್ರ ಜೊತೆಯವ್ರು ಅಲ್ಲಿಗೆ ಹೋಗಿ ನೋಡಿದ್ರು. ಕೆಲ್ಸ ಅಂದ್ರೆ ಸಂಬಳ ಮಾತ್ರ ಅಲ್ಲ, ದಿನಕ್ಕೊಂದು ಕಟ್ಟು, ನಾಲ್ಕು ಜನರ ಒಡನಾಟ, ಎಲ್ರೂ ಸೇರಿ ಮಾಡೋ ಏನೋ ಒಂದ್ರಲ್ಲಿ ಪಾಲು, ಸಮಾಜದಲ್ಲಿ ಒಂದು ಸ್ಥಾನ ಅಂತ ಯಹೋಡಾ ಮುಂದೆ ಬರೆದ್ರು. @ಟಪಾಲು_ಸೆಕ್ಷನ್ ಅವ್ರಿಗೆ ಸಂಬಳ ಇದೆ, ದಿನಚರಿ ಇದೆ, ಉಳಿದಿದ್ದು ಸಿಗ್ತಿಲ್ಲ. @ಮೂರನೇ_ಬೆಂಚು ಅವ್ರಿಗೆ ಇವ್ಯಾವೂ ಗಟ್ಟಿಯಾಗಿಲ್ಲ. ಅದಕ್ಕೇ ಒಬ್ರ ನೋವು ಇನ್ನೊಬ್ರಿಗೆ ಶೋಕಿ ಥರ ಕಾಣುತ್ತೆ.

ಕೊನೇದು, ಎಲ್ಲಕ್ಕಿಂತ ಮುಖ್ಯ. ನಿದ್ದೆ ಇಲ್ಲ, ಇಷ್ಟದ ಓದೂ ಬೇಡ, ಸುಮ್ಸುಮ್ನೆ ರೇಗೋದು, ಇದು ಎರಡು ವಾರಕ್ಕಿಂತ ಜಾಸ್ತಿ ನಡೀತಿದ್ರೆ ಕೆಲ್ಸದ ತಲೆ ಮೇಲೆ ಹಾಕಿ ಸುಮ್ನಿರ್ಬೇಡಿ, ಯಾರಿಗಾದ್ರೂ ತೋರಿಸ್ಬೇಕು. ಟೆಲಿ ಮಾನಸ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು, ಹಗಲು ರಾತ್ರಿ ಇರುತ್ತೆ.

ಬಿಸಿಲೂರು_ಕಂಡಕ್ಟರ್
ಮೇಷ್ಟ್ರ ಮಾತು ಖರೆ ಅದಾ. ನಾ ಎಂ.ಎ. ಕನ್ನಡ, ಬಸ್ ಕಂಡಕ್ಟರ್ ಇದ್ದೀನ್ರಿ, ಕಲಬುರಗಿ ಕಡಿ. ಈ ಕೆಲ್ಸಕ್ಕ ಎಂ.ಎ. ಬೇಕಿಲ್ಲ, ಗೊತ್ತದ. ಆದ್ರ ಬಸ್ಸಿನ್ಯಾಗ ನಾನೇ ರಾಜಾ. ಎಲ್ಲಿ ನಿಂದರಿಸ್ಬೇಕು, ಮುದುಕ್ಯಾರಿಗಿ ಸೀಟ್ ಯಾರು ಬಿಡಬೇಕು, ಚಿಲ್ಲರ ಜಗಳಾ ಹ್ಯಾಂಗ ಬಿಡಸ್ಬೇಕು, ಎಲ್ಲಾ ನಂದೇ ತೀರ್ಮಾನ. 2023ರಾಗ ಹೆಣ್ಮಕ್ಕಳಿಗಿ ಫ್ರೀ ಬಸ್ಸಿನ ಶಕ್ತಿ ಯೋಜನಾ ಬಂದ ಮ್ಯಾಲಂತೂ ಉಸರಾಡ್ಲಾಕ ಪುರಸೊತ್ತಿಲ್ಲ, ಬ್ಯಾಸರ ಎಲ್ಲಿಂದ ಬರಬೇಕು. ಸಂಜಿಗಿ ಕಾಲು ನೋಯ್ತಾವ, ಮನಸ್ಸು ನೋಯಂಗಿಲ್ಲ.

ನನಗ ಮನಸ್ಸು ಕೆಡೋದು ಮಂದಿ ಬಂದಾಗ. "ಎಂ.ಎ. ಓದಿ ಕಂಡಕ್ಟರಾ?" ಅಂತ ನಮ್ಮೂರಾಗ ಒಬ್ಬೊಬ್ರು ದಿನಾ ಕೇಳ್ತಾರ. ಕನ್ಯಾ ನೋಡ್ಲಾಕ ಹೋದ್ರ ಮದಲ ಎಂ.ಎ. ಅಂತ ಹೇಳಿ ಚಾ ಕುಡಸ್ತಾರ, ನೌಕರಿ ಕೇಳಿದ ಮ್ಯಾಲ ಎರಡನೇ ಕಪ್ ಬರಂಗಿಲ್ಲ.

ಡಾಲಸ್_ಅಕ್ಕ
@ಬಿಸಿಲೂರು_ಕಂಡಕ್ಟರ್ ಎರಡನೇ ಕಪ್ ಓದಿ ನಗು ಬಂತು, ಆಮೇಲೆ ಬೇಜಾರೂ ಆಯ್ತು.

ನಾನು ದಾವಣಗೆರೆ ಕಡೆಯೋಳು, ಬಿಡಿಎಸ್ ಮಾಡಿ ಊರಲ್ಲಿ ಕ್ಲಿನಿಕ್ ಇಟ್ಕೊಂಡಿದ್ದೆ. ಮದ್ವೆ ಆಗಿ ಇಲ್ಲಿಗ್, ಅಮೆರಿಕಕ್ಕೆ, ಬಂದಾಗ ಗಂಡನ ಕೆಲ್ಸದ ವೀಸಾ ಮೇಲೆ ಸಿಗೋ ಎಚ್4 ವೀಸಾದಲ್ಲಿ ಕೆಲ್ಸಾನೇ ಮಾಡಂಗಿರ್ಲಿಲ್ಲ. 2015ರಲ್ಲಿ ಗ್ರೀನ್‌ಕಾರ್ಡ್ ಪ್ರೋಸೆಸ್ಸಲ್ಲಿರೋರ ಹೆಂಡ್ತೀರಿಗೆ ವರ್ಕ್ ಪರ್ಮಿಟ್ ಕೊಡಕ್ ಶುರು ಮಾಡಿದ್ರು, ನಂಗೂ ಸಿಕ್ತು. ಆದ್ರೆ ಇಲ್ಲಿ ಡೆಂಟಿಸ್ಟ್ ಆಗ್ಬೇಕು ಅಂದ್ರೆ ಮತ್ತೆ ಕಾಲೇಜು, ಮತ್ತೆ ಲೈಸೆನ್ಸು, ಅದರ ಫೀಸು ಕೇಳಿದ್ರೆ ಎದೆ ಒಡೆಯುತ್ತೆ. ಅದಕ್ಕೇ ಡೆಂಟಲ್ ಅಸಿಸ್ಟೆಂಟ್ ಆಗಿದೀನಿ. ಎಕ್ಸ್‌ರೇ ತೆಗೆಯೋದು ನಾನು, ಸ್ಕ್ರೀನಲ್ಲಿ ಬಂದ ಕೂಡ್ಲೇ ಯಾವ ಹಲ್ಲಿನ ಬೇರಲ್ಲಿ ಇನ್ಫೆಕ್ಷನ್ ಇದೆ ಅಂತ ಕಾಣುತ್ತೆ. ಪೇಷೆಂಟು "ಏನಾಗಿದೆ?" ಅಂತ ಕೇಳ್ತಾರೆ. ನಾನು ಬಾಯಿ ಬಿಡಂಗಿಲ್ಲ. "ಡಾಕ್ಟರ್ ಬಂದು ಹೇಳ್ತಾರೆ" ಅಂತ ನಕ್ಕು ಏಪ್ರನ್ ಬಿಚ್ಚಿ ಇಡ್ತೀನಿ. ಡಾಕ್ಟರ್ ಬಂದು ಹತ್ತು ನಿಮಿಷ ನೋಡಿ ನಾನು ಅಂದ್ಕೊಂಡಿದ್ದನ್ನೇ ಹೇಳ್ತಾಳೆ, ನನಗಿಂತ ಚಿಕ್ಕೋಳು. ಶುರುವಲ್ಲಿ ಕಾರಲ್ಲಿ ಕೂತ್ಕೊಂಡು ಅತ್ತಿದೀನಿ. ಈಗ ಅಳಲ್ಲ, ಹಾಗಂತ ಅಭ್ಯಾಸ ಆಯ್ತು ಅಂತಾನೂ ಹೇಳಲ್ಲ.

ನಂಗೆ ಸ್ವಲ್ಪ ಹಗುರ ಆಗಿದ್ದು ಭಾನುವಾರ ಇಲ್ಲಿನ ಕನ್ನಡ ಕೂಟದಲ್ಲಿ. ಊರಿಂದ ಬಂದಿರೋ ಅಪ್ಪ ಅಮ್ಮಂದಿರಿಗೆ ಇಲ್ಲಿ ಹಲ್ಲಿನ ಇನ್ಶೂರೆನ್ಸ್ ಇರಲ್ಲ. ಅವ್ರ ಜೊತೆ ಕೂತು, ಇದು ಊರಿಗೆ ಹೋಗೋ ತನಕ ತಡೆಯುತ್ತೆ, ಇದು ತಡೆಯಲ್ಲ ಇವತ್ತೇ ಡಾಕ್ಟರ್ ಹತ್ರ ಹೋಗಿ ಅಂತ ಹೇಳ್ತೀನಿ. ಟ್ರೀಟ್‌ಮೆಂಟ್ ಏನೂ ಮಾಡಲ್ಲ, ಬರೀ ಮಾತು. ಆದ್ರೂ ಅವತ್ತು ರಾತ್ರಿ ನಿದ್ದೆ ಬರುತ್ತೆ.

ನೈಟ್‌ಶಿಫ್ಟ್_ನಾಗರಬಾವಿ
ಎಲ್ಲಾ ಸರಿ, ಆದ್ರೆ ಒಂದು ಕಹಿ ಮಾತು ಹೇಳ್ಲಾ? ಡಿಗ್ರಿ ಇದೆ ಅಂದ್ರೆ ಕ್ವಾಲಿಫಿಕೇಶನ್ ಇದೆ ಅಂತಲ್ಲ. ನಮ್ ಟೀಮಲ್ಲಿ ಇಂಟರ್‌ವ್ಯೂ ತಗೊಳ್ತೀನಿ, ಎಂ.ಟೆಕ್ ಆಗಿರ್ತಾರೆ, ಕೋಡಲ್ಲಿ ಒಂದು ಲೂಪ್ ಬರೆಯಕ್ ಬರಲ್ಲ. ಗಲ್ಲಿಗೊಂದು ಇಂಜಿನಿಯರಿಂಗ್ ಕಾಲೇಜು ತೆಗೆದ್ರೆ ಇನ್ನೇನಾಗುತ್ತೆ. ಫ್ರೆಶರ್ ಪ್ಯಾಕೇಜು ನಾನ್ ಸೇರಿದಾಗ್ಲೂ ಮೂರೂವರೆ ಲಕ್ಷದ ಆಸುಪಾಸೇ, ಈಗ್ಲೂ ಅಲ್ಲೇ ಸುತ್ತಾಡ್ತಿದೆ. ಇವ್ರಲ್ಲಿ ಅರ್ಧ ಜನ ಓವರ್‌ಕ್ವಾಲಿಫೈಡ್ ಅಲ್ಲ, ಓವರ್‌ಸರ್ಟಿಫೈಡ್.

ಗೆಸ್ಟ್_ಫ್ಯಾಕಲ್ಟಿ
@ನೈಟ್‌ಶಿಫ್ಟ್_ನಾಗರಬಾವಿ ಆ ಕಾಲೇಜಲ್ಲಿ ಪಾಠ ಮಾಡೋರನ್ನ ವರ್ಷಕ್ಕೊಂದ್ಸಲ ಹೊಸ್ದಾಗಿ ಆರ್ಸಿದ್ರೆ ಲೂಪ್ ಯಾರ್ ಕಲಿಸ್ತಾರೆ ಸರ್?

ಸಪ್ತಾಪುರ_ರೀಡಿಂಗ್_ರೂಮ್
2015ರಾಗ ಉತ್ತರ ಪ್ರದೇಶದಾಗ 368 ಪ್ಯೂನ್ ಪೋಸ್ಟಿಗೆ 23 ಲಕ್ಷ ಅರ್ಜಿ ಬಂದಿದ್ವು, ಅದರಾಗ 255 ಮಂದಿ ಪಿಎಚ್‌ಡಿ. ಕರೆಂಟ್ ಅಫೇರ್ಸ್ ನೋಟ್ಸಿನ್ಯಾಗ ಇತ್ತು. ಅಷ್ಟೂ ಮಂದಿ ಲೂಪ್ ಬರಿಯಾಕ ಬರಲಾರದವ್ರು ಅಂತೀರೇನ್ರಿ?

ನೈಟ್‌ಶಿಫ್ಟ್_ನಾಗರಬಾವಿ
ಅರ್ಧ ಅಂದೆ, ಎಲ್ಲಾ ಅಂದಿಲ್ಲ.

ಮೂರನೇ_ಬೆಂಚು
ನಾನು ಯಾವ ಅರ್ಧದಲ್ಲಿ ಬರ್ತೀನಿ ಅಂತ ಕೇಳಲ್ಲ, ಬಿಡಿ. @ಬಿಸಿಲೂರು_ಕಂಡಕ್ಟರ್ ಅಣ್ಣ, ಆ ಝೀರೋ ಟಿಕೆಟ್ ಹರಿಯೋದ್ರಿಂದ ನಿಮ್ ಕಾರ್ಪೊರೇಷನ್‌ಗೆ ದುಡ್ಡು ಬರುತ್ತಾ ಇಲ್ವಾ, ಇಲ್ಲಿ ಎಲ್ರೂ ಒಂದೊಂದ್ ಕತೆ ಹೇಳ್ತಾರೆ.

ಬಿಸಿಲೂರು_ಕಂಡಕ್ಟರ್
ಸರ್ಕಾರ ಕೊಡಬೇಕಾಗ್ತದ. ಯಾವಾಗ ಕೊಡ್ತಾರ ಅನ್ನೋದು ನನ್ ಪೇ ಸ್ಕೇಲಿನವ್ರಿಗಿ ಹೇಳಂಗಿಲ್ಲ.

ಮಾಡರೇಟರ್
ಶಕ್ತಿ ಯೋಜನೆ ಬಗ್ಗೆ ಬೇರೆ ಥ್ರೆಡ್ ಇದೆ, ಅಲ್ಲಿ ಹೊಡೆದಾಡಿ. ಇಲ್ಲಿ ಗ್ಯಾರಂಟಿ ಜಗಳ ಶುರು ಆದ್ರೆ ಡಿಲೀಟ್ ಮಾಡ್ತೀನಿ.

ಟಪಾಲು_ಸೆಕ್ಷನ್
ಇಷ್ಟೊಂದು ಜನ ಬರೆದಿದೀರ, ಥ್ಯಾಂಕ್ಸ್. ಮೇಷ್ಟ್ರು ಹೇಳಿದ್ದು ತಲೇಲೇ ಕೂತಿದೆ, ಯಾಕಂದ್ರೆ ಒಂದು ವಿಷ್ಯ ನಾನು ಮೊದ್ಲು ಬರೆದಿರ್ಲಿಲ್ಲ. ಶುರುವಲ್ಲಿ ನಂಗೆ ಇಷ್ಟು ಬೇಜಾರಿರ್ಲಿಲ್ಲ. ಜನ ಕೌಂಟರ್ ಹತ್ರ ಬಂದು "ಮೇಡಂ ನನ್ ಅರ್ಜಿ ಏನಾಯ್ತು" ಅಂತ ಕೇಳ್ತಾರೆ, ಉತ್ತರ ಯಾರ ಹತ್ರಾನೂ ಇರಲ್ಲ. ನಾನೇ ಒಂದು ಎಕ್ಸೆಲ್ ಶೀಟ್ ಮಾಡ್ದೆ, ಯಾವ ಅರ್ಜಿ ಯಾವ ಟೇಬಲ್ಲಲ್ಲಿ ಎಷ್ಟು ದಿನದಿಂದ ಕೂತಿದೆ, ಸಕಾಲ ಕಾಯ್ದೆ ಪ್ರಕಾರ ಕೆಲ್ಸ ಮುಗಿಸ್ಬೇಕಾದ ಗಡುವು ಯಾವಾಗ ಬರುತ್ತೆ, ಹತ್ರ ಬಂದ್ರೆ ಕೆಂಪಾಗೋ ಥರ. ಎರಡು ರಾತ್ರಿ ಕೂತು ಮಾಡಿದ್ದು, ಎಷ್ಟೋ ದಿನ ಆದ್ಮೇಲೆ ಖುಷಿ ಆಗಿತ್ತು. ಮೇಲಿನವ್ರಿಗೆ ತೋರ್ಸಿದ್ರೆ, "ಟಪಾಲು ಕೊಟ್ಟಿದ್ರೆ ಟಪಾಲು ನೋಡ್ಕೊಳಮ್ಮ, ಯಾರ ಟೇಬಲ್ಲಲ್ಲಿ ಎಷ್ಟಿದೆ ಅಂತ ಲೆಕ್ಕ ಇಡೋಕೆ ನೀನ್ಯಾರು" ಅಂದ್ರು. ಪಕ್ಕದ ಟೇಬಲ್‌ನೋರು ಒಂದು ವಾರ ಮಾತಾಡ್ಸ್ಲಿಲ್ಲ. ನಿದ್ದೆ ಹೋಗಿದ್ದು ಅದಾದ್ಮೇಲೇನೆ.

ಡಾಲಸ್_ಅಕ್ಕ
ನಿಮ್ಮ ಎಕ್ಸೆಲ್ ಶೀಟು, ನನ್ನ ಎಕ್ಸ್‌ರೇ. ಕಾಣ್ತಿದ್ರೂ ಹೇಳಂಗಿಲ್ಲ.

ಪೀಣ್ಯ_ಎಚ್‌ಆರ್
ಆ ಶೀಟ್ ನಮ್ಮಲ್ಲಿ ಮಾಡಿದ್ರೆ ಇನ್‌ಕ್ರಿಮೆಂಟ್ ಕೊಡ್ತಿದ್ವಿ ಅಂತ ಬರೆಯೋಣ ಅಂದ್ಕೊಂಡೆ, ಆಮೇಲೆ ನಮ್ ಸೂಪರ್‌ವೈಸರ್ ನೆನಪಾದ.

ನಿವೃತ್ತ_ಶಿರಸ್ತೇದಾರ್
ಮಗಾ, ರೆವಿನ್ಯೂನಲ್ಲೇ ಸರ್ವಿಸ್ ಮುಗಿಸಿದವನು ನಾನು, ಅದಕ್ಕೇ ಸ್ವಲ್ಪ ಹೇಳ್ತೀನಿ, ಬೇಜಾರು ಮಾಡ್ಕೋಬೇಡ.

ಮೊದಲು ಟಪಾಲನ್ನ ಕೀಳಾಗಿ ನೋಡಬೇಡ. ಸಕಾಲದ ದಿನ ಲೆಕ್ಕ ಶುರುವಾಗೋದೇ ಅರ್ಜಿ ಸ್ವೀಕಾರ ಆದ ತಾರೀಖಿಂದ. ಜಮೀನು ತಕರಾರಿನಲ್ಲಿ ಆಕ್ಷೇಪಣೆ ಗಡುವಿನ ಒಳಗೆ ಬಂತೋ ಇಲ್ವೋ ಅಂತ ಕೋರ್ಟಿನವರೆಗೂ ಹೋಗಿ, ಕೊನೆಗೆ ನಮ್ಮ ಇನ್‌ವರ್ಡ್ ರಿಜಿಸ್ಟರ್ ತರಿಸಿ ನೋಡಿದ್ದು ನನಗೆ ಗೊತ್ತು. ಹಾಗಂತ ಜೀವನಪೂರ್ತಿ ಅಲ್ಲೇ ಕೂರು ಅಂತ ನಾನು ಹೇಳಲ್ಲ. ನಿನಗೆ ಬೈದರಲ್ಲ, ಅವರ ಭಯ ನನಗೆ ಅರ್ಥ ಆಗುತ್ತೆ. ಹಾಗೆ ಪಟ್ಟಿ ಹಾಕಿದ್ರೆ ಮೊದಲು ನೋಟಿಸ್ ಬರೋದು ಅವರಿಗೇ. ಶೀಟಲ್ಲಿ ಹೆಸರು ತೆಗೆದು ಸೆಕ್ಷನ್ ಮಾತ್ರ ಹಾಕು, ನೇರ ತಹಶೀಲ್ದಾರರ ಹತ್ರ ಒಯ್ಯಬೇಡ, ಮುಂಚೆ ಬೈದವರ ಮೂಲಕವೇ ಹೋಗ್ಲಿ, "ಸಾರ್ ಹೇಳಿದ್ರು ಅಂತ ಮಾಡಿದೆ" ಅನ್ನು. ಆಫೀಸು ನಡೆಯೋದು ಹೀಗೇ.

ಎರಡನೇದು, ಭೂಮಿ ಸೆಕ್ಷನ್ನೋ ಚುನಾವಣೆ ಸೆಕ್ಷನ್ನೋ ಕೊಡಿ ಅಂತ ಬರವಣಿಗೇಲಿ ಕೇಳು. ಅಲ್ಲಿ ತಲೆಗೆ ಕೆಲಸ ಇದೆ. ಇಲಾಖಾ ಪರೀಕ್ಷೆ ಬರಿ, ಅಕೌಂಟ್ಸ್, ಜನರಲ್ ಲಾ, ರೆವಿನ್ಯೂ, ಎಲ್ಲ ಮುಗಿಸಿಟ್ಕೋ. ಉಪನ್ಯಾಸಕರ ಹುದ್ದೆ ಕರೆದ್ರೆ ಆಫೀಸಿಂದ ಎನ್‌ಓಸಿ, ಅಂದ್ರೆ ಅಭ್ಯಂತರ ಇಲ್ಲ ಅನ್ನೋ ಪತ್ರ, ತಗೊಂಡು ಹಾಕು, ಬಿಡಬೇಡ.

ಸಪ್ತಾಪುರ_ರೀಡಿಂಗ್_ರೂಮ್
ಸರ್, ಎನ್‌ಓಸಿ ತಗೊಳ್ಳದ ಎಕ್ಸಾಮ್ ಬರದ್ರ ಏನಾಕ್ಕತ್ರಿ? ನಮ್ಮ ರೂಮಿನ್ಯಾಗಿನ ಸೀನಿಯರ್ ಒಬ್ಬಾವ ಹಂಗ ಬರದಾನ.

ನಿವೃತ್ತ_ಶಿರಸ್ತೇದಾರ್
ಪಾಸಾಗೋ ತನಕ ಏನೂ ಆಗಲ್ಲ. ದಾಖಲೆ ಪರಿಶೀಲನೆ ದಿನ ಬೆವರು ಸುರಿಯುತ್ತೆ. ಈಗಲೇ ಅರ್ಜಿ ಕೊಡೋಕೆ ಹೇಳು ಅವನಿಗೆ, ಕೊಟ್ಟಿದ್ದಕ್ಕೆ ಹಿಂಬರಹ ತಗೊಂಡಿಟ್ಕೊಳ್ಳಲಿ.

ಮೂರನೇ_ಬೆಂಚು
@ಟಪಾಲು_ಸೆಕ್ಷನ್ ಮೇಡಂ, ಮೊದ್ಲು ಒರಟಾಗಿ ಬರೆದಿದ್ದೆ. ಎಕ್ಸೆಲ್ ಕತೆ ಓದಿದ್ಮೇಲೆ ಸಿಟ್ಟು ನಿಮ್ ಮೇಲಿಂದ ನಿಮ್ ಆಫೀಸ್ ಮೇಲೆ ಶಿಫ್ಟ್ ಆಗಿದೆ. ನಮ್ಮಪ್ಪನ ಖಾತೆ ಅರ್ಜಿನೂ ಒಂದು ಕಡೆ ಕೊಳೀತಾ ಇದೆ, ಆ ಶೀಟ್ ಎಲ್ಲಾ ತಾಲ್ಲೂಕಿಗೂ ಕಳ್ಸಿ ಪುಣ್ಯ ಬರುತ್ತೆ.

ಕಡಲತಡಿ
ಮೇಷ್ಟ್ರು ಹೇಳಿದ ನಂಬರಿಗೆ ಫೋನ್ ಮಾಡಿದ್ರಾ? ಅದನ್ನು ಹೇಳಿ ಮೊದಲು. ಎಕ್ಸೆಲ್ ಆಮೇಲೆ.

ಟಪಾಲು_ಸೆಕ್ಷನ್
ಮಾಡ್ದೆ. ಕನ್ನಡದಲ್ಲೇ ಮಾತಾಡಿದ್ರು, ನನ್ ಓದು ಎಷ್ಟು, ಪೋಸ್ಟ್ ಯಾವ್ದು ಅಂತ ಆಮೇಲ್ ಕೇಳಿದ್ರು, ಮೊದ್ಲು ಕೇಳಿದ್ದು ಊಟ ನಿದ್ದೆ ಬಗ್ಗೆ. ಜಿಲ್ಲಾಸ್ಪತ್ರೆಲಿ ಮನೋವೈದ್ಯರನ್ನ ಒಂದ್ಸಲ ನೋಡಿ ಅಂದ್ರು, ಶನಿವಾರ ಹೋಗ್ತಿದೀನಿ, ಅಮ್ಮಂಗೂ ಹೇಳಿದೀನಿ. ಶಿರಸ್ತೇದಾರ್ ಸರ್ ಹೇಳ್ದಂಗೆ ಹೆಸ್ರು ತೆಗೆದು ಶೀಟ್ ಮತ್ತೆ ಮಾಡಿದೀನಿ, ಭೂಮಿ ಸೆಕ್ಷನ್ ಕೇಳಿ ಲೆಟರೂ ಬರೆದಿಟ್ಟಿದೀನಿ, ಕೊಡೋಕೆ ಒಳ್ಳೆ ಮೂಡ್ ಕಾಯ್ತಿದೀನಿ, ನಂದಲ್ಲ, ಅವ್ರದ್ದು.

ಮೂರನೇ_ಬೆಂಚು
ಹಂಗಾದ್ರೆ ಟಪಾಲು ಸೀಟ್ ಖಾಲಿ ಆಗುತ್ತೆ ಅನ್ನಿ. ಯಾವಾಗ ಕರೀತಾರೆ?

ಟಪಾಲು_ಸೆಕ್ಷನ್
ಖಾಲಿ ಆಗಲ್ಲ ಸರ್. ಹೊಸಬ್ರು ಆಗ್ಲೇ ರಿಪೋರ್ಟ್ ಮಾಡ್ಕೊಂಡಿದಾರೆ, ಎಂಬಿಎ ಅಂತೆ.